ಶಾಸನ ಚಿತ್ರಗಳು ಖಾನಾಪುರಕ್ಕೆ ಹೋದದ್ದು: ಡಿಸ್ಕಿನಲ್ಲೂ ಪಾಠಾಂತರ

ಬೆಳಗಾವಿಯ ಎರಡು ಮುಖ್ಯ ಶಾಸನಗಳನ್ನು ಕಣ್ಣಾರೆ ನೋಡಬೇಕಂದ್ರೆ ಲಂಡನ್ನಿಗೆ ಹೋಗಬೇಕು. ರಟ್ಟರ ನಾಲ್ವಡಿ ಕಾರ್ತವೀರ್ಯನ ಕಾಲದ, ಶಕ 1127ರ ಆ ಕಲ್ಲುಗಳು ಈಗ ಬ್ರಿಟಿಷ್ ಮ್ಯೂಸಿಯಂ ಸೊತ್ತು. ಬಾರ್ನೆಟ್ ಅವುಗಳ ಪಾಠವನ್ನು ಎಪಿಗ್ರಾಫಿಯಾ ಇಂಡಿಕಾದ 13ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ದರಿಂದ ನಾವು ಇಲ್ಲೇ ಕೂತು ಓದುತ್ತೇವೆ. ಶಾಸನದ ಕೆಲಸದಲ್ಲಿ ಎಷ್ಟೋ ಸಲ ಕೈಯಲ್ಲಿ ಉಳಿಯೋದು ಪ್ರತಿ ಮಾತ್ರ. ಆದ್ರೂ ನಮ್ಮಂಥ ಹವ್ಯಾಸಿಗಳು ತೆಗೆದ ಸಾವಿರಾರು ಫೋಟೋ ಎಲ್ಲಿರ್ತಾವೆ? ಮನೆಯ ಒಂದೇ ಡಿಸ್ಕಿನಲ್ಲಿ.

2019ರ ಆಗಸ್ಟ್ ಮಳೆಯಲ್ಲಿ ನಗರದಲ್ಲೇ ಮನೆಗಳಿಗೆ ನೀರು ನುಗ್ಗಿದಾಗ ನನಗೆ ಭಯ ಹತ್ತಿತು. ಮುಂದಿನ ಜನವರಿಯಲ್ಲಿ ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಹಾಕಿ, ಪ್ರತಿ ಕಡತಕ್ಕೂ ಶಾ-256 ಮೊತ್ತ ತೆಗೆದು ಪಟ್ಟಿ ಮಾಡಿ, ಡಿಸ್ಕನ್ನೂ ಪಟ್ಟಿಯನ್ನೂ ಕಪಾಟಿನಲ್ಲಿ ಇಟ್ಟೆ. ಈ ಮೊತ್ತ ಅಂದ್ರೆ ಕಡತದ ಒಳಗಿನ ಅಷ್ಟೂ ಬಿಟ್‌ಗಳಿಂದ ಲೆಕ್ಕ ಹಾಕಿದ 64 ಅಕ್ಷರಗಳ ಒಂದು ಗುರುತು. ಒಂದೇ ಒಂದು ಬಿಟ್ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ತಾಮ್ರಪಟಗಳನ್ನು ಬಳೆಗೆ ಪೋಣಿಸಿ, ಬಳೆಯ ತುದಿಗಳನ್ನು ಮುದ್ರೆಯಿಂದ ಬಂಧಿಸುತ್ತಿದ್ದರಲ್ಲ, ನಡುವಿನ ಹಲಗೆ ಬದಲಿಸಬೇಕಾದರೆ ಬಳೆಯನ್ನೇ ಕತ್ತರಿಸಬೇಕು. ಕೆಲಸ ಹೆಚ್ಚುಕಡಿಮೆ ಅದೇ.

ಈ ವರ್ಷ ಖಾನಾಪುರದ ಸೋದರತ್ತೆಯ ಮನೆಯ ಅಟ್ಟದಲ್ಲಿ ಒಂದು ಸಣ್ಣ ಸರ್ವರ್ ಇಟ್ಟೆ. ಬೆಳಗಾವಿಯಲ್ಲಿ ಹಗಲು ಸೇರಿಸಿದ್ದು ರಾತ್ರಿ ಅಲ್ಲೂ ಸೇರಬೇಕು. ಇರೋದು 1.4 ಟೆರಾಬೈಟ್. ನನ್ನ ಸಂಪರ್ಕದ ಅಪ್‌ಲೋಡ್ ವೇಗ 20 ಎಂಬಿಪಿಎಸ್, ಅದು ಒಂದು ಕ್ಷಣ ನಿಲ್ಲದೆ ಹೋದರೂ ಆರೂವರೆ ದಿನ ಬೇಕು. ಹಾಗಾಗಿ ಮೊದಲ ಕಂತನ್ನು ಡಿಸ್ಕಿಗೆ ತುಂಬಿಕೊಂಡು ಕಾರಿನಲ್ಲೇ ಹೋದೆ. ಒಂದು ತಾಸಿನ ದಾರಿ.

ಹೋಗುವ ಮುನ್ನ ಆ ಡಿಸ್ಕನ್ನು ಗೂಢಲಿಪೀಕರಿಸಿದೆ. ಶಾಸನದ ಫೋಟೋಗೆ ಯಾಕಪ್ಪ ಇಷ್ಟು ಗುಟ್ಟು ಅಂತ ಗೆಳೆಯನೊಬ್ಬ ನಕ್ಕ. ಮೊಬೈಲ್, ಕೆಲವು ಕ್ಯಾಮೆರಾ ಕೂಡ, ಎಷ್ಟೋ ಸಲ ಚಿತ್ರದ ಒಳಗೆ ಅಕ್ಷಾಂಶ-ರೇಖಾಂಶ ಬರೆದಿರ್ತಾವೆ. ಕಾಡಂಚಿನ ಒಂಟಿ ಕಲ್ಲುಗಳ ಅಂಥ ಪಟ್ಟಿ ನಿಧಿಗಳ್ಳರ ಕೈಗೆ ಸಿಕ್ಕರೆ ಅದು ಅಗೆಯಬೇಕಾದ ಗುಂಡಿಗಳ ಪಟ್ಟಿ. ಇನ್ನು ಕೆಲವು ಮನೆತನದವರು ನಂಬಿಕೆಯ ಮೇಲೆ ತಮ್ಮ ತಾಮ್ರಶಾಸನಗಳ ಫೋಟೋ ತೆಗೆಯಲು ಬಿಟ್ಟಿದ್ದಾರೆ. ಡಿಸ್ಕ್ ಬಸ್‌ಸ್ಟ್ಯಾಂಡಿನಲ್ಲಿ ಕಳೆದುಹೋದರೆ ಅವರಿಗೆ ಏನು ಹೇಳೋದು?

ಖಾನಾಪುರದ ಯಂತ್ರದಲ್ಲಿ ಜೆಡ್‌ಎಫ್‌ಎಸ್ ಹಾಕಿದ್ದೇನೆ. ದತ್ತಾಂಶ ಅಲ್ಲೂ ಬೀಗದೊಳಗೇ ಇರುತ್ತದೆ. ಕರೆಂಟ್ ಹೋಗಿ ಬಂದರೆ ಯಂತ್ರ ತಾನೇ ಏಳುತ್ತದೆ, ಆದರೆ ನಾನು ಬೆಳಗಾವಿಯಿಂದ ಕೀಲಿ ಕೊಡುವವರೆಗೆ ಚಿತ್ರಗಳು ತೆರೆಯುವುದಿಲ್ಲ. ಮಳೆಗಾಲದಲ್ಲಿ ಇದು ಕಿರಿಕಿರಿ, ನಿಜ. ಗುಪ್ತಪದವನ್ನು ಕಾಗದದ ಮೇಲೆ ಬರೆದು ಮೂರನೆಯ ಕಡೆ ಇಟ್ಟಿದ್ದೇನೆ. ಅದು ಮರೆತರೆ ಕಳ್ಳನಿಗೂ ಇಲ್ಲ, ನನಗೂ ಇಲ್ಲ.

ಪ್ರತಿಯನ್ನು ಯಾರು ಎಳೆಯಬೇಕು ಅನ್ನೋದೂ ಮುಖ್ಯ. ಬೆಳಗಾವಿಯ ಕಂಪ್ಯೂಟರಿಗೆ ಖಾನಾಪುರದಲ್ಲಿ ಬರೆಯುವ ಹಕ್ಕು ಕೊಟ್ಟರೆ, ಇಲ್ಲಿ ಹೊಕ್ಕ ಸುಲಿಗೆ ವೈರಸ್ ಅಲ್ಲಿನದನ್ನೂ ಅಳಿಸಬಹುದು. ಅದಕ್ಕೇ ಖಾನಾಪುರದ ಯಂತ್ರವೇ ರಾತ್ರಿ ಬಂದು ಆರ್‌ಸಿಂಕ್ ಮೂಲಕ ಎಳೆದುಕೊಳ್ಳುತ್ತದೆ, ಅದರ ಎಸ್‌ಎಸ್‌ಎಚ್ ಕೀಲಿಗೆ ಇಲ್ಲಿ ಓದುವ ಹಕ್ಕು ಮಾತ್ರ. ಜತೆಗೆ ದಿನಕ್ಕೊಂದು ಸ್ನ್ಯಾಪ್‌ಶಾಟ್, 90 ದಿನ ಉಳಿಯುತ್ತದೆ. ಇದಿಲ್ಲದಿದ್ದರೆ ನಾನು ತಪ್ಪಿ ಅಳಿಸಿದ ಫೋಲ್ಡರ್ ಮರುದಿನ ಅಲ್ಲಿಂದಲೂ ಮಾಯ.

ಇಷ್ಟೆಲ್ಲ ಆದಮೇಲೆ, ಅಟ್ಟದಲ್ಲೇ ಕೂತು 2020ರ ಪಟ್ಟಿಯ ಜತೆ ಹೊಸ ಪ್ರತಿಯನ್ನು ತಾಳೆ ನೋಡಿದೆ. ಕೆಳಗಿಂದ ಅತ್ತೆ, “ತಮ್ಮಾ, ಆ ಡಬ್ಬಿ ಗುಂಯ್ ಅಂತೈತಲ್ಲೋ, ಕರೆಂಟ್ ಬಿಲ್ ಎಷ್ಟ ಬರ್ತೈತಿ?” ಅಂದರು. ನಾನು ಕೊಡ್ತೀನಿ ಬಿಡತ್ತಿ ಅಂದೆ. ಅಷ್ಟರಲ್ಲಿ ಮೂರು ಕಡತ ತಾಳೆಯಾಗಲಿಲ್ಲ.

ಎರಡು, ಸಡಿಲವಾಗಿದ್ದ ಕೇಬಲ್ ಬದಲಿಸಿ ಮತ್ತೆ ನಕಲು ಮಾಡಿದ ಮೇಲೆ ಸರಿಹೋದವು. ಮೂರನೆಯದು ಜಪ್ಪಯ್ಯ ಅನ್ನಲಿಲ್ಲ. ಬೆಳಗಾವಿಗೆ ಬಂದು ನೋಡಿದರೆ ಮೂಲವೇ ಕೆಟ್ಟಿದೆ! ತೆರೆದರೆ ಮೇಲಿನ ಮೂರು ಸಾಲು ಸ್ಪಷ್ಟ, ಕೆಳಗೆಲ್ಲ ಬೂದು ಪಟ್ಟಿ. ಅದು ಖಾನಾಪುರ ತಾಲ್ಲೂಕಿನ ಒಂದು ವೀರಗಲ್ಲಿನ ಚಿತ್ರ, ರಾತ್ರಿ ಟಾರ್ಚನ್ನು ಪಕ್ಕದಿಂದ ಬಿಟ್ಟು ತೆಗೆದದ್ದು. ಆಮೇಲೆ ಗುಡಿಯ ಕಟ್ಟೆ ಎತ್ತರಿಸುವಾಗ ಕಲ್ಲಿನ ಕೆಳಭಾಗ ಕಾಂಕ್ರೀಟಿನಲ್ಲಿ ಹೋಯಿತು. ಬೂದು ಪಟ್ಟಿ ಬಿದ್ದದ್ದೂ ಸರಿಯಾಗಿ ಅಲ್ಲೇ, ವೀರನ ಹೆಸರಿದ್ದ ಸಾಲುಗಳ ಮೇಲೆ.

ಕಪಾಟಿನ ಹಳೆ ಡಿಸ್ಕ್ ತೆಗೆದೆ. ಆ ವಾರವೇ ಅದನ್ನು ಫಾರ್ಮ್ಯಾಟ್ ಮಾಡಿ ಬೇರೆ ಕೆಲಸಕ್ಕೆ ಬಳಸೋಣ ಅಂದುಕೊಂಡಿದ್ದೆ. ಅದರಲ್ಲಿನ ಕಡತದ ಮೊತ್ತ ಪಟ್ಟಿಯದರ ಜತೆ 64 ಅಕ್ಷರವೂ ಕೂಡಿತು. ಹೆಸರಿನ ಸಾಲು ಪೂರ್ತಿ ಇತ್ತು.

ಇಲ್ಲಿ ಒಂದು ಮಾತು ಗಮನಿಸಿ. ಬೆಳಗಾವಿ ಮತ್ತು ಖಾನಾಪುರದ ಆ ಕಡತಗಳು ಪರಸ್ಪರ ಒಂದೇ ಆಗಿದ್ದವು, ಎರಡೂ ಒಂದೇ ರೀತಿ ತಪ್ಪು. ಸಾಗಿಸುವ ದಿನ ಬೆಳಗಾವಿ ಡಿಸ್ಕಿನಿಂದಲೇ ಹೊಸ ಪಟ್ಟಿ ಮಾಡಿಕೊಂಡಿದ್ದರೆ ಅದೂ ಎಲ್ಲ ಸರಿ ಅನ್ನುತ್ತಿತ್ತು. ಬುಕ್ಕರಾಯನ 1368ರ ಜೈನ-ವೈಷ್ಣವ ಒಪ್ಪಂದದ ಶಾಸನ ಶ್ರವಣಬೆಳಗೊಳದಲ್ಲೂ ಇದೆ, ಮಾಗಡಿ ತಾಲ್ಲೂಕಿನ ಕಲ್ಯದಲ್ಲೂ ಇದೆ. ಅಂಥ ಎರಡು ಕಲ್ಲು ಒಂದೇ ಓಲೆಯಿಂದ ಇಳಿದಿದ್ದರೆ, ಓಲೆಯಲ್ಲಿದ್ದ ತಪ್ಪು ಎರಡರಲ್ಲೂ ಇರುತ್ತದೆ, ಅವುಗಳನ್ನು ಹೋಲಿಸಿ ಅದು ಸಿಗೋದಿಲ್ಲ. ಬೇಕಾದದ್ದು ಅವುಗಳಿಗಿಂತ ಹಳೆಯ ಸಾಕ್ಷಿ. ಆದ್ದರಿಂದ ಫೋಟೋ ತೆಗೆದು ಮನೆಗೆ ಬಂದ ದಿನವೇ ಮೊತ್ತ ತೆಗೆದು ಪಟ್ಟಿಗೆ ಸೇರಿಸಿ, ಪಟ್ಟಿಯನ್ನು ಬೇರೆ ಕಡೆಯೂ ಇಡಿ.

ಈಗ ಖಾನಾಪುರದ ಯಂತ್ರ ತಿಂಗಳಿಗೊಮ್ಮೆ ತನ್ನ ಡಿಸ್ಕುಗಳನ್ನು ಪೂರ್ತಿ ಓದಿ ಪರೀಕ್ಷಿಸಿಕೊಳ್ಳುತ್ತದೆ, ವರ್ಷಕ್ಕೊಮ್ಮೆ ನಾನೇ ಹೋಗಿ ಪಟ್ಟಿಯ ಜತೆ ತಾಳೆ ನೋಡ್ತೀನಿ. ಆದರೆ 25 ಕಿಲೋಮೀಟರ್ ದೂರ ಸಾಲದು, ಎರಡೂ ಕಡೆ ಸುರಿಯೋದು ಒಂದೇ ಮಳೆ. ಮೂರನೆಯ ಪ್ರತಿಗೆ ಬಯಲುಸೀಮೆಯಲ್ಲಿ ಒಂದು ಅಟ್ಟ ಹುಡುಕ್ತಾ ಇದ್ದೀನಿ. ಅಲ್ಲೀವರೆಗೆ ಹಳೆ ಡಿಸ್ಕ್ ಕಪಾಟಿನಲ್ಲೇ ಇರುತ್ತದೆ.