ಬೆಳಕು ತಿರುಚಿದರೆ ದಿಕ್ಕು ಬದಲಿಸುವ ವಿದ್ಯುತ್

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ವರ್ತಕರಿಗೆ ಬೆಳಕಿನಿಂದ ವಿದ್ಯುತ್ ಪಡೆಯುವುದು ಹೊಸ ಸಂಗತಿಯಲ್ಲ. ಮರ ಬಿದ್ದು ತಂತಿ ಹರಿದ ಸಂಜೆ ಅನೇಕ ಕಡೆ ಗಲ್ಲಾಪೆಟ್ಟಿಗೆಯ ಮೇಲಿನ ದೀಪಕ್ಕೆ ಸೌರಫಲಕದ ಬ್ಯಾಟರಿಯೇ ಆಧಾರ. ಆಷಾಢದ ಮೋಡ ಕವಿದಾಗ ಅದೂ ಕೈಕೊಡುತ್ತದೆಂಬುದು ಬೇರೆ ಮಾತು. ಈ ಫಲಕದ ಸಿಲಿಕಾನಿನಲ್ಲಿ ವಿದ್ಯುತ್ ಹರಿಯುವ ದಿಕ್ಕು ತಯಾರಿಕೆಯಲ್ಲಿಯೇ ನಿಶ್ಚಿತವಾಗಿರುತ್ತದೆ.

ಇದಕ್ಕಿಂತ ಭಿನ್ನವಾದುದು 'ಟೋಪಾಲಜಿಕಲ್ ಇನ್ಸುಲೇಟರ್' ಎಂಬ ಪದಾರ್ಥವರ್ಗ. ಇದರ ಒಡಲು ವಿದ್ಯುನ್ನಿರೋಧಕ, ಮೇಲ್ಮೈ ಮಾತ್ರ ವಾಹಕ. ತಾಮ್ರದ ತಗಡು ಹೊದಿಸಿದ ಮರದ ಹಲಗೆಯಂತೆ ಎನ್ನಬಹುದು; ಆದರೆ ಹಲಗೆಯನ್ನು ಕೊಯ್ದರೆ ಬರಿಯ ಮರ ಕಾಣುತ್ತದೆ, ಈ ಹರಳನ್ನು ಸೀಳಿದರೆ ಸೀಳಿದ ಮುಖವೂ ವಾಹಕವೇ. ಆ ಮೇಲ್ಮೈಯಲ್ಲಿ ಎಲೆಕ್ಟ್ರಾನಿನ 'ಸ್ಪಿನ್' ಎಂಬ ಕಾಂತೀಯ ಗುಣವು ಅದರ ಚಲನೆಯ ದಿಕ್ಕಿಗೆ ಬಂಧಿತವಾಗಿದೆ. ಎದುರುಬದುರಾಗಿ ಸಾಗುವ ಎಲೆಕ್ಟ್ರಾನುಗಳ ಸ್ಪಿನ್ ಸಹ ಎದುರುಬದುರು. ಬಲಸುತ್ತಿನ ಬೆಳಕನ್ನು ಓರೆಯಾಗಿ ಬಿಟ್ಟಾಗ ಒಂದು ಬಗೆಯ ಸ್ಪಿನ್ನಿನವು ಹೆಚ್ಚಾಗಿ ಉದ್ದೀಪನಗೊಂಡು, ಬ್ಯಾಟರಿಯ ನೆರವಿಲ್ಲದೆ ಪ್ರವಾಹ ಹುಟ್ಟುತ್ತದೆ. ಬೆಳಕಿನ ಸುತ್ತನ್ನು ಎಡಕ್ಕೆ ಬದಲಿಸಿದರೆ ಪ್ರವಾಹವೂ ಹಿಮ್ಮುಖವಾಗುತ್ತದೆ. ಅಮೆರಿಕದ ಎಂ.ಐ.ಟಿ. ಸಂಶೋಧಕರು ಬಿಸ್ಮತ್ ಸೆಲೆನೈಡ್ ಹರಳಿನಲ್ಲಿ ಇದನ್ನು 2012ರಲ್ಲಿ ಪ್ರಕಟಪಡಿಸಿದರು.

ವ್ಯಾಪಾರಸ್ಥರಿಗೆ ಇದರಿಂದೇನು ಎಂಬ ಪ್ರಶ್ನೆ ಸಹಜ. ಈ ಹರಳಿನ ದಾಯಾದಿಯಾದ ಬಿಸ್ಮತ್ ಟೆಲ್ಯುರೈಡ್ ಈಗಾಗಲೇ ಪೇಟೆಯಲ್ಲಿದೆ. ಕಾರಿನಲ್ಲಿಡುವ ಪುಟ್ಟ ಫ್ರಿಜ್‌ನೊಳಗೆ, ಕಂಪ್ರೆಸರ್ ಇಲ್ಲದೆ ತಂಪು ಮಾಡುವ ಬಿಲ್ಲೆ ಸಾಮಾನ್ಯವಾಗಿ ಅದರದ್ದೇ. ದಶಕಗಳಿಂದ ಮಾರುತ್ತಿದ್ದ ಸರಕು ಟೋಪಾಲಜಿಕಲ್ ಇನ್ಸುಲೇಟರ್ ಎಂಬುದು ಪ್ರಯೋಗದಿಂದ ತಿಳಿದದ್ದು 2009ರಲ್ಲಿ! ಇದರ ಕಚ್ಚಾವಸ್ತುವಿನ ಸ್ಥಿತಿ ಮಾತ್ರ ನಿಶ್ಚಿಂತವಲ್ಲ. ಜಗತ್ತಿನ ಶುದ್ಧೀಕೃತ ಬಿಸ್ಮತ್‌ನ ಬಹುಪಾಲು ಚೀನಾದ್ದು. 2025ರ ಫೆಬ್ರವರಿ 4ರಂದು ಆ ದೇಶವು ಬಿಸ್ಮತ್, ಟೆಲ್ಯುರಿಯಂ ಮೊದಲಾದವುಗಳ ರಫ್ತಿಗೆ ಪರವಾನಗಿ ನಿರ್ಬಂಧ ವಿಧಿಸಿತು. ಚೀನಾದ ಹೊರಗೆ ಬಿಸ್ಮತ್ ಬೆಲೆ ಕೆಲವೇ ವಾರಗಳಲ್ಲಿ ಹಲವು ಪಟ್ಟು ಏರಿತು. ತಂಪುಬಿಲ್ಲೆಯ ಉಪಕರಣ ಜೋಡಿಸುವ ಸಣ್ಣ ಉದ್ಯಮಿಗಳು ದರಪಟ್ಟಿ ಒಪ್ಪುವ ಮುನ್ನ ಇದನ್ನು ಲೆಕ್ಕಕ್ಕೆ ಹಿಡಿಯುವುದು ಲೇಸು.

ಬೆಳಕಿನ ಪ್ರವಾಹದ ವಿಷಯದಲ್ಲಿ ಅವಸರ ಬೇಡ. ಪ್ರಯೋಗಶಾಲೆಯಲ್ಲಿ ದೊರೆತದ್ದು ಅತ್ಯಲ್ಪ ಪ್ರಮಾಣ. ಬೆಳಕಿನ ಗುಣ ಗುರುತಿಸುವ ಸಂವೇದಕ, ಸ್ಪಿನ್ನಿನಿಂದ ನಡೆಯುವ ಸ್ಮೃತಿಕೋಶ ಇವೇ ಇದರ ನಿರೀಕ್ಷಿತ ಕ್ಷೇತ್ರಗಳು, ಮಾಡಿನ ಮೇಲಿನ ವಿದ್ಯುದುತ್ಪಾದನೆಯಲ್ಲ. ಈ ಹೆಸರು ಹೇಳಿ ಫಲಕಗಳ ಏಜೆನ್ಸಿಗೆ ಮುಂಗಡ ಕೇಳುವವರು ಬಂದರೆ ಬರಿಗೈಯಲ್ಲಿ ಕಳುಹಿಸಬಹುದು. ಸಿಲಿಕಾನ್ ಫಲಕ ಹಾಕಿಸುವವರೂ ಒಂದಂಶ ಗಮನಿಸಬೇಕು: 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯ ಗರಿಷ್ಠ 78,000 ರೂಪಾಯಿ ಸಹಾಯಧನ ವಾಸದ ಮನೆಗಳಿಗೆ, ಅಂಗಡಿ ಮಳಿಗೆಗಳಿಗಲ್ಲ.