ಗರ್ಭಿಣಿಯ ಸೊಂಟನೋವು: ಸಹಜವೆಂದು ಸುಮ್ಮನಿರಬಹುದೆ?

"ಬಸುರಿ ಅಂದ್ಮೇಲೆ ಸೊಂಟ ನೋಯ್ದೆ ಇರ್ತದಾ ಸ್ವಾಮಿ?" ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಿರಿಯ ತಾಯಂದಿರ ಬಾಯಲ್ಲಿ ಈ ಮಾತನ್ನು ನಾವು ನಮ್ಮ ವೈದ್ಯವೃತ್ತಿಯ ಉದ್ದಕ್ಕೂ ಕೇಳುತ್ತ ಬಂದಿದ್ದೇವೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಸರಿಸುಮಾರು ಅರ್ಧದಷ್ಟು ಗರ್ಭಿಣಿಯರಿಗೆ ಒಂದಲ್ಲ ಒಂದು ಹಂತದಲ್ಲಿ ಸೊಂಟದ ಅಥವಾ ಕಟಿಭಾಗದ ನೋವು ಕಾಣಿಸಿಕೊಳ್ಳುವುದುಂಟು. ಆದರೆ ಸಹಜವಾಗಿ ಬಂದ ನೋವನ್ನೂ ಹಲ್ಲುಕಚ್ಚಿ ಸಹಿಸಬೇಕೆಂದಿಲ್ಲ. ಸಹಜವೆಂದು ತೋರುವ ನೋವೆಲ್ಲವೂ ಸಹಜವಾದುದೂ ಅಲ್ಲ. ಈ ಎರಡು ಸಂಗತಿಗಳನ್ನು ಭಕ್ತರ ಮನೆಮನೆಗೆ ತಲುಪಿಸುವುದೇ ಈ ಲೇಖನದ ಉದ್ದೇಶ.

ನೋವು ಬರುವುದೇಕೆ?

ಗರ್ಭ ಬೆಳೆದಂತೆಲ್ಲ ಉದರದ ಭಾರ ಮುಂದಕ್ಕೆ ವಾಲುತ್ತದೆ. ಕಂಕುಳಲ್ಲಿ ಕೊಡ ಹೊತ್ತವಳು ಮತ್ತೊಂದು ಪಕ್ಕಕ್ಕೆ ವಾಲಿ ನಡೆಯುವಂತೆ, ಗರ್ಭಿಣಿಯು ತನಗರಿವಿಲ್ಲದೆಯೇ ಬೆನ್ನನ್ನು ಹಿಂದಕ್ಕೆ ಬಾಗಿಸಿ ನಿಲ್ಲುತ್ತಾಳೆ. ಹಿಗ್ಗಿದ ಹೊಟ್ಟೆಯ ಸ್ನಾಯುಗಳು ಮೊದಲಿನಂತೆ ಆಸರೆ ಕೊಡಲಾರವು. ಶ್ರಮವೆಲ್ಲ ಕೆಳಬೆನ್ನಿನ ಸ್ನಾಯುಗಳ ಪಾಲಿಗೆ ಬರುತ್ತದೆ. ಇದರ ಜೊತೆಗೆ, ಹೆರಿಗೆಗೆ ದಾರಿಯಾಗಲೆಂದು ದೇಹದಲ್ಲಿ ಸ್ರವಿಸುವ ರಿಲ್ಯಾಕ್ಸಿನ್ ಮೊದಲಾದ ರಸಗಳು ಕಟಿಯ ಮೂಳೆಗಳನ್ನು ಬಿಗಿದಿರುವ ಸ್ನಾಯುಬಂಧಗಳನ್ನು ಸಡಿಲಗೊಳಿಸುತ್ತವೆ.

ಆಯುರ್ವೇದದ ಪ್ರಕಾರ ಕಟಿ ಮತ್ತು ಶ್ರೋಣಿ ಪ್ರದೇಶವು ಅಪಾನವಾತದ ನೆಲೆ. ಮಲಮೂತ್ರಗಳನ್ನು ಹೊರಹಾಕುವುದೂ ಕಾಲ ಬಂದಾಗ ಗರ್ಭವನ್ನು ಹೊರತರುವುದೂ ಅದರದೇ ಕಾರ್ಯ. ಅತಿಶ್ರಮ, ಉಪವಾಸ, ನಿದ್ದೆಗೇಡು, ಮಲಮೂತ್ರಗಳನ್ನು ತಡೆಯುವುದು ಇವೆಲ್ಲ ಆ ವಾತವನ್ನು ಕೆರಳಿಸುತ್ತವೆ. ಚರಕ ಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯವು ಗಟ್ಟಿಯಾದ ಹಾಗೂ ಏರುಪೇರಾದ ಆಸನ, ಕುಕ್ಕರಗಾಲಿನಲ್ಲಿ ಕೂರುವುದು, ಕಠಿಣ ಶ್ರಮ ಇವುಗಳನ್ನು ಗರ್ಭಕ್ಕೆ ಕೇಡು ತರುವ ಸಂಗತಿಗಳ ಸಾಲಿನಲ್ಲಿ ಸೇರಿಸಿದೆ. ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಗೆ ಗರ್ಭಿಣಿಯನ್ನು ಹೋಲಿಸಿರುವುದೂ ಅಲ್ಲಿಯೇ. ಅಂಥ ಪಾತ್ರೆ ತುಳುಕದಂತೆ ನೋಡಿಕೊಳ್ಳಬೇಕಾದವರು ಸುತ್ತಲಿನವರು ಎಂಬುದನ್ನು ಮರೆಯಬಾರದು.

ನಾವು ಮಾಡಿದ ಒಂದು ತಪ್ಪು

ನಮ್ಮ ವೃತ್ತಿಯ ಮೊದಲ ವರ್ಷಗಳ ಪ್ರಸಂಗವೊಂದನ್ನು ಇಲ್ಲಿ ಮುಚ್ಚಿಡದೆ ಹೇಳಬೇಕಾಗಿದೆ. ಮಳವಳ್ಳಿ ಕಡೆಯ ಹಳ್ಳಿಯೊಂದರಿಂದ ಏಳು ತಿಂಗಳು ತುಂಬಿದ ಸೊಸೆಯನ್ನು ಅತ್ತೆಯವರು ಕರೆತಂದಿದ್ದರು. ಮನೆಯಲ್ಲಿ ರೇಷ್ಮೆ ಹುಳು ಹಣ್ಣಾಗುವ ಕಾಲ; ಹಗಲಿರುಳೆನ್ನದೆ ಸೊಪ್ಪು ಹಾಕುವ ಕೆಲಸ. "ಸೊಂಟ ಹಿಡ್ಕತದೆ, ಆಮೇಲೆ ಬಿಡ್ತದೆ, ತಿರ್ಗ ಹಿಡ್ಕತದೆ" ಎಂದು ಆ ಹೆಣ್ಣುಮಗಳು ಹೇಳಿದಳು. ದುಡಿಮೆಯ ದಣಿವೆಂದು ಅತ್ತೆ ಹೇಳಿದರು. ನಾವೂ ಹಾಗೆಯೇ ಭಾವಿಸಿದೆವು. ಹಚ್ಚಲು ಎಣ್ಣೆ ಕೊಟ್ಟು, ಎರಡು ದಿನ ವಿಶ್ರಾಂತಿ ಹೇಳಿ ಕಳುಹಿಸಿದೆವು. ಅಂದು ರಾತ್ರಿಯೇ ಆಕೆಗೆ ಹೆರಿಗೆಯಾಯಿತು. ಮಗು ಉಳಿಯಲಿಲ್ಲ.

ಅದು ಸೊಂಟನೋವಾಗಿರಲಿಲ್ಲ, ಅವಧಿಗೆ ಮುಂಚೆ ಆರಂಭವಾದ ಹೆರಿಗೆನೋವಾಗಿತ್ತು. ಆಕೆ ಅದನ್ನು ತನ್ನ ಮಾತಿನಲ್ಲಿ ಸ್ಪಷ್ಟವಾಗಿಯೇ ಹೇಳಿದ್ದಳು. ಹೊಟ್ಟೆಯ ಮೇಲೆ ಕೈಯಿಟ್ಟು ಹತ್ತು ನಿಮಿಷ ಕುಳಿತಿದ್ದರೆ ಅದು ಗಟ್ಟಿಯಾಗಿ ಮತ್ತೆ ಸಡಿಲವಾಗುತ್ತಿದ್ದುದು ನಮ್ಮ ಅರಿವಿಗೆ ಬರುತ್ತಿತ್ತು. ಆಸ್ಪತ್ರೆಗೆ ಕಳುಹಿಸಿದ್ದರೆ ಮಗು ಬದುಕುತ್ತಿತ್ತೇ ಎಂಬುದನ್ನು ಹೇಳಲಾಗದು. ಆದರೆ ಆ ಅವಕಾಶವನ್ನು ತಪ್ಪಿಸಿದವರು ನಾವು. ಅಂದಿನಿಂದ, ಸೊಂಟನೋವೆಂದು ಬಂದ ಪ್ರತಿಯೊಬ್ಬ ಗರ್ಭಿಣಿಯನ್ನೂ ನಾವು ಮೊದಲು ಕೇಳುವುದು ಇದನ್ನೇ: "ತಾಯಿ, ನೋವು ಒಂದೇ ಸಮನೆ ಇದೆಯೋ, ಬಂದು ಬಂದು ಹೋಗುತ್ತದೆಯೋ?"

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

37 ವಾರ ತುಂಬುವ ಮೊದಲೇ ನೋವು ಅಲೆಯಂತೆ ಬಂದು ಹೋಗುತ್ತಿದ್ದರೆ, ಜೊತೆಗೆ ಹೊಟ್ಟೆ ಗಟ್ಟಿಯಾಗುತ್ತಿದ್ದರೆ, ನೀರು ಅಥವಾ ರಕ್ತ ಕಾಣಿಸಿಕೊಂಡರೆ ಒಂದು ಗಳಿಗೆಯೂ ಕಾಯಬಾರದು. ಚಳಿಜ್ವರ, ಉರಿಮೂತ್ರ, ಪಕ್ಕೆಯ ಒಂದು ಬದಿಯಲ್ಲಿ ನೋವು ಇದ್ದರೆ ಮೂತ್ರಪಿಂಡದ ಸೋಂಕನ್ನು ಶಂಕಿಸಬೇಕು. ಅನೇಕ ಸೊಸೆಯಂದಿರು ಉರಿಮೂತ್ರವನ್ನು ಹೇಳಿಕೊಳ್ಳಲು ನಾಚಿ ಸೊಂಟನೋವನ್ನಷ್ಟೇ ಹೇಳುತ್ತಾರೆ. ಮನೆಯ ಹಿರಿಯ ಹೆಂಗಸರು ಮರೆಯಲ್ಲಿ ಕರೆದು ಕೇಳುವುದು ಒಳ್ಳೆಯದು. ಕಾಲುಗಳ ಬಲ ಕುಗ್ಗುವುದು, ತೊಡೆಸಂದಿಯ ಭಾಗ ಜೋಮು ಹಿಡಿಯುವುದು, ಮಲಮೂತ್ರಗಳ ಮೇಲಿನ ಹತೋಟಿ ತಪ್ಪುವುದು, ಮಗುವಿನ ಚಲನೆ ಕಡಿಮೆಯಾಗುವುದು, ಬಿದ್ದ ನಂತರ ನೋವು ಬರುವುದು ಇವೆಲ್ಲವೂ ತುರ್ತು ಲಕ್ಷಣಗಳೇ.

ಇಂಥ ಸಮಯದಲ್ಲಿ 108ಕ್ಕೆ ಕರೆ ಮಾಡಿ, ತಾಯಿ ಕಾರ್ಡ್ ಜೊತೆಯಲ್ಲಿಟ್ಟುಕೊಂಡು ಹೊರಡತಕ್ಕದ್ದು. ಮದ್ದೂರು ಮತ್ತು ಮಳವಳ್ಳಿಯಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಮಂಡ್ಯದಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ದೊಡ್ಡಾಸ್ಪತ್ರೆಯಿದೆ. ಇದಲ್ಲದೆ 2016ರಿಂದ ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುವ ವ್ಯವಸ್ಥೆಯಿದೆ. ನೋವಿನ ವಿಷಯವನ್ನು ಅಂದು ತಪ್ಪದೆ ತಿಳಿಸಬೇಕು.

ಸಾಮಾನ್ಯ ನೋವಿಗೆ ಪರಿಹಾರ

ಮೇಲಿನ ಯಾವ ಲಕ್ಷಣವೂ ಇಲ್ಲವೆಂದಾದರೆ ಹೆದರಬೇಕಾಗಿಲ್ಲ. ನೋವು ಸೊಂಟಪಟ್ಟಿ ಕಟ್ಟುವ ಜಾಗದಲ್ಲಿ ಅಥವಾ ಅದಕ್ಕಿಂತ ಮೇಲಿದ್ದು ಬಗ್ಗಿದಾಗ ಹೆಚ್ಚಾದರೆ ಅದು ಕೆಳಬೆನ್ನಿನದು. ಪೃಷ್ಠದ ಮೇಲ್ಭಾಗದಲ್ಲಿ ಇಲ್ಲವೆ ಮುಂದೆ ಕಿಬ್ಬೊಟ್ಟೆಯ ಕೆಳಗಿನ ಮೂಳೆಯಲ್ಲಿದ್ದು, ಮಗ್ಗುಲು ಬದಲಿಸುವಾಗ, ಬಸ್ಸು ಹತ್ತುವಾಗ, ಒಂಟಿಕಾಲಿನಲ್ಲಿ ನಿಂತಾಗ ಚುಚ್ಚಿದರೆ ಅದು ಕಟಿಸಂಧಿಗಳದು. ಇಂಥವರು ಕುಳಿತೇ ಬಟ್ಟೆ ತೊಡಬೇಕು, ಮೆಟ್ಟಿಲನ್ನು ಒಂದೊಂದಾಗಿ ಹತ್ತಬೇಕು, ಮಗ್ಗುಲಾಗುವಾಗ ಎರಡೂ ಮೊಣಕಾಲುಗಳನ್ನು ಕೂಡಿಸಿಕೊಂಡೇ ಹೊರಳಬೇಕು.

ಎಡಮಗ್ಗುಲಲ್ಲಿ ಮಲಗಿ, ಮೊಣಕಾಲುಗಳ ನಡುವೆ ದಿಂಬಿಟ್ಟುಕೊಳ್ಳುವುದು ಎಲ್ಲರಿಗೂ ಹಿತಕರ. ಏಳುವಾಗ ಮಗ್ಗುಲಿಗೆ ತಿರುಗಿ, ಕೈಯೂರಿ ಏಳಬೇಕು. ಸಮತಟ್ಟಾದ ದಾರಿಯಲ್ಲಿ ದಿನಕ್ಕೆ ಅರ್ಧ ಗಂಟೆ ನಡೆಯುವುದು ಒಳ್ಳೆಯದು. ಸದಾ ಮಲಗಿರುವುದರಿಂದ ನೋವು ಹೆಚ್ಚುತ್ತದೆ. ಗೋಡೆಗೆ ಒರಗಿ ನಿಂತು, ಕೆಳಬೆನ್ನನ್ನು ಗೋಡೆಗೆ ಮೆಲ್ಲಗೆ ಒತ್ತಿ ಐದು ಎಣಿಸುವಷ್ಟು ಹೊತ್ತು ಹಿಡಿದು ಬಿಡುವ ಕ್ರಮವನ್ನು ಹತ್ತು ಸಲ ಮಾಡಬಹುದು. ಬೆಚ್ಚಗಿನ ಎಳ್ಳೆಣ್ಣೆಯನ್ನು ಬೆನ್ನು, ಸೊಂಟಗಳಿಗೆ ಅಂಗೈಯಿಂದ ಹಗುರವಾಗಿ ಸವರಿ, ಹದವಾದ ಬಿಸಿನೀರಿನಲ್ಲಿ ಸ್ನಾನ ಮಾಡಿಸಬಹುದು. ಹೊಟ್ಟೆಯನ್ನು ತಿಕ್ಕಬಾರದು. ಉಳುಕು ತೆಗೆಸುವುದು, ಬೆನ್ನು ತುಳಿಸುವುದು ಸರ್ವಥಾ ಕೂಡದು.

ಔಷಧಿಯ ಬಗ್ಗೆ ಎರಡು ಎಚ್ಚರಿಕೆಗಳು. ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೊದಲಾದ ನೋವಿನ ಮಾತ್ರೆಗಳನ್ನು ಗರ್ಭಿಣಿಯರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. 20 ವಾರಗಳ ನಂತರ ಅವು ಶಿಶುವಿನ ಮೂತ್ರಪಿಂಡಕ್ಕೆ ತೊಂದರೆ ಕೊಟ್ಟು ಗರ್ಭಜಲವನ್ನು ಕುಗ್ಗಿಸಬಲ್ಲವು. ಇನ್ನು ಆಯುರ್ವೇದದ್ದೆಂದ ಮಾತ್ರಕ್ಕೆ ಯಾವುದೂ ನಿರಪಾಯವಲ್ಲ. ಗುಗ್ಗುಳು ಸೇರಿದ ಮಾತ್ರೆಗಳು, ರಸೌಷಧಿಗಳು, ಹರಳೆಣ್ಣೆಯ ಸೇವನೆ ಇವನ್ನು ಸ್ವಂತ ಬುದ್ಧಿಯಿಂದ ಬಳಸತಕ್ಕದ್ದಲ್ಲ. ಕೊನೆಯ ತಿಂಗಳುಗಳಿಗೆ ಶಾಸ್ತ್ರ ಹೇಳಿರುವ ಬಸ್ತಿ ಚಿಕಿತ್ಸೆಯು ತಜ್ಞರ ಕೈಯಲ್ಲಿ ಮಾತ್ರ ನಡೆಯಬೇಕಾದುದು.

ಮನೆಯವರ ಕರ್ತವ್ಯ

ನಮ್ಮ ಸೀಮೆಯ ಹೆಣ್ಣುಮಕ್ಕಳ ದುಡಿಮೆ ಹಗುರವಾದುದಲ್ಲ. ಭತ್ತದ ನಾಟಿಗೆ ಗಂಟೆಗಟ್ಟಲೆ ಬಗ್ಗಬೇಕು. ಹುಲ್ಲಿನ ಹೊರೆ, ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊರಬೇಕು. ಡೇರಿಗೆ ಹಾಲಿನ ಕ್ಯಾನು ಒಯ್ಯಬೇಕು. ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವವರು ದಿನವಿಡೀ ಒಂದೇ ಭಂಗಿಯಲ್ಲಿದ್ದು, ಮೂತ್ರವನ್ನೂ ತಡೆದುಕೊಳ್ಳುತ್ತಾರೆ. ಆರನೆಯ ತಿಂಗಳಿನಿಂದಾಚೆಗಾದರೂ ಹೊರೆಯನ್ನು ಗಂಡನು ಹೊರಲಿ, ಕೊಡವನ್ನು ಮೈದುನನು ಎತ್ತಲಿ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಂಬಿದ ನಾವು ಹೆಂಗಸಿನ ಕೆಲಸ, ಗಂಡಸಿನ ಕೆಲಸವೆಂದು ಭೇದವೆಣಿಸುವುದು ಹೇಗೆ?

ವ್ರತಾಚರಣೆಯಲ್ಲಿಯೂ ವಿವೇಕವಿರಲಿ. ಗರ್ಭಿಣಿಯು ಶಿವರಾತ್ರಿಯ ಉಪವಾಸ, ಜಾಗರಣೆಗಳನ್ನು ಆ ವರ್ಷ ಬಿಡಬಹುದು. ಇಷ್ಟಲಿಂಗ ಪೂಜೆಗೆ ನೆಲದ ಮೇಲೆ ಕೂರಲಾಗದಿದ್ದರೆ ಬೆನ್ನಿಗೆ ಆಸರೆಯುಳ್ಳ ಕುರ್ಚಿಯಲ್ಲಿ ಕುಳಿತು ಮಾಡಲಿ. ಶ್ರೀಮಠದ ದಾಸೋಹದಲ್ಲಿ ಪಂಕ್ತಿಗೆ ಕೂರುವಾಗ ಅಂಥವರಿಗೊಂದು ಕುರ್ಚಿ ಹಾಕಿಕೊಡುವುದು ಸೇವೆಯೇ ಸರಿ.

ಕೊನೆಯದಾಗಿ ಅತ್ತೆಯಂದಿರಲ್ಲಿ, ತಾಯಂದಿರಲ್ಲಿ ನಮ್ಮದೊಂದು ವಿನಂತಿ. ಸೊಸೆ ಸೊಂಟನೋವೆಂದರೆ "ನಾವೆಲ್ಲ ಹೆತ್ತಿಲ್ಲವೆ?" ಎನ್ನುವ ಮೊದಲು ಆಕೆಯನ್ನು ಕೂರಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು, ನೋವು ಹೇಗಿದೆ ಎಂದು ಕೇಳಿ. ನಾವು ಅಂದು ಕೇಳದೆ ಹೋದ ಪ್ರಶ್ನೆಯನ್ನು ನೀವು ಕೇಳಿದರೆ ಒಂದು ಜೀವ ಉಳಿದೀತು.