ನಿಮಗಿದು ಗೊತ್ತೆ? ಬಿಸಿ ತಾಗಿದರೆ ಬಿಗಿಯುವ ಕೊಳವೆ

ಬಂದಳಿಕೆ ಸುತ್ತಿನ ಶಿಕಾರಿಪುರ–ಸೊರಬ ಸೀಮೆಯಲ್ಲಿ ಅಡಿಕೆ ತೋಟಕ್ಕೆ ನೀರೆತ್ತುವುದು ಬೋರ್‌ವೆಲ್‌ ಪಂಪು. ಮೋಟಾರಿನ ವೈರನ್ನು ಕೇಬಲ್‌ಗೆ ಸೇರಿಸಿದ ಜಾಯಿಂಟು ಸದಾ ನೀರೊಳಗಿರುತ್ತದೆ. ಬರೀ ಇನ್ಸುಲೇಷನ್ ಟೇಪು ಅಲ್ಲಿ ಬಹುಕಾಲ ಬಾಳದು. ಒಳಮೈಗೆ ಅಂಟು ಬಳಿದಿರುವ ಹೀಟ್ ಶ್ರಿಂಕ್ ಕೊಳವೆ ಬಿಸಿಗೆ ಬಿಗಿದು, ಅಂಟು ಕರಗಿ ಸಂದು ಮುಚ್ಚಿ ನೀರು ತಡೆಯುತ್ತದೆ.

• ಪ್ಲಾಸ್ಟಿಕ್ಕಿನ ಅಣುಸರಪಳಿಗಳನ್ನು ವಿಕಿರಣದಿಂದ ಬೆಸೆದು, ಕಾಯಿಸಿ ಹಿಗ್ಗಿಸಿ, ಹಾಗೆಯೇ ತಣಿಸುತ್ತಾರೆ. ಮತ್ತೆ ಬಿಸಿಯಾದಾಗ ಅದು ಮೊದಲಿನ ಅಳತೆಗೆ ಮರಳುತ್ತದೆ.

• ಈ ಕೊಳವೆಯನ್ನು ಮಾರುಕಟ್ಟೆಗೆ ತಂದ ಕಂಪನಿಗಳಲ್ಲಿ ಪ್ರಮುಖವಾದುದು 1957ರಲ್ಲಿ ಪಾಲ್ ಕುಕ್ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ರೇಕೆಮ್.

• ಕುಗ್ಗುವ ಅನುಪಾತ 2:1 ಎಂದರೆ 10 ಮಿ.ಮೀ. ಕೊಳವೆ 5 ಮಿ.ಮೀ.ವರೆಗೆ ಕುಗ್ಗುತ್ತದೆ. ಅಂಟಿನ ಕೊಳವೆಗಳಲ್ಲಿ 3:1 ಸಾಮಾನ್ಯ.

• ಚಾರ್ಜರ್ ವೈರಿನ ಕುತ್ತಿಗೆ, ಸೈಕಲ್ ಬ್ರೇಕ್ ಕೇಬಲ್ಲಿನ ಬಿಚ್ಚಿದ ತುದಿ, ಎಳೆ ಬಿಟ್ಟ ಶೂ ಲೇಸು, ಜಾರುವ ಸ್ಕ್ರೂಡ್ರೈವರ್ ಹಿಡಿ, ಎಲ್ಲಕ್ಕೂ ಒಂದು ತುಂಡು ಸಾಕು.

• ಮೊದಲು ಮೇನ್ ಆಫ್ ಮಾಡಿ. ವೈರು ಜೋಡಿಸುವ ಮುನ್ನವೇ ಕೊಳವೆ ತೂರಿಸಿಕೊಳ್ಳಿ. ನಡುವಿನಿಂದ ತುದಿಗಳತ್ತ ಕಾಯಿಸಿದರೆ ಒಳಗೆ ಗಾಳಿ ಸಿಕ್ಕಿಕೊಳ್ಳದು. ಹೀಟ್ ಗನ್ ಉತ್ತಮ. ಬೆಂಕಿಕಡ್ಡಿ, ಲೈಟರ್ ಉರಿಗೆ ಕೊಳವೆ ಸುಟ್ಟು ಸೀಳಬಹುದು.